ಗಮನ ಜಾರುವುದು ಏಕೆ, ಅದನ್ನು ಮರಳಿ ತರುವ ಅಭ್ಯಾಸ ಹೇಗೆ

ಓದುತ್ತಾ ಓದುತ್ತಾ ಪುಟದ ಕೊನೆಯ ಸಾಲಿಗೆ ಬಂದಿರುತ್ತೀರಿ. ಕಣ್ಣು ಒಂದು ಸಾಲನ್ನೂ ಬಿಟ್ಟಿಲ್ಲ. ಆದರೂ ಏನು ಓದಿದಿರಿ ಎಂದು ಯಾರಾದರೂ ಕೇಳಿದರೆ ಹೇಳಲು ಏನೂ ತೋಚುವುದಿಲ್ಲ. ಇದು ಎಲ್ಲರಿಗೂ ಆಗುವಂಥದ್ದೇ. ಹಲವರು ಇದನ್ನು ತಮ್ಮ ಸ್ವಭಾವದ ದೋಷವೆಂದು ತಿಳಿದು, ‘ನನಗೆ ಏಕಾಗ್ರತೆಯೇ ಇಲ್ಲ’ ಎಂದು ಕೈಚೆಲ್ಲುತ್ತಾರೆ. ಮೊಬೈಲ್ ಬಂದ ಮೇಲಂತೂ ಈ ಮಾತು ಮನೆಮನೆಯಲ್ಲೂ ಕೇಳುತ್ತದೆ.

ಗಮನ ಎನ್ನುವುದು ಮೆದುಳು ಮಾಡುವ ಹಲವು ಕೆಲಸಗಳ ಒಟ್ಟು ಹೆಸರು. ಅವುಗಳಲ್ಲಿ ಕೆಲವನ್ನು ಅಭ್ಯಾಸದಿಂದ ಹದಗೊಳಿಸಬಹುದು. ಕೆಲವು ನಿದ್ದೆ ಸರಿಹೋದರೆ ಮಾತ್ರ ಸರಿಹೋಗುತ್ತವೆ. ಇನ್ನು ಕೆಲವಕ್ಕೆ ಮೇಜಿನ ಮೇಲೇನಿದೆ, ಫೋನ್ ಎಲ್ಲಿದೆ ಎಂಬುದನ್ನು ಬದಲಿಸಬೇಕು. ತನಗೆ ಕೈಕೊಡುತ್ತಿರುವುದು ಯಾವುದು ಎಂದು ಗುರುತಿಸದೆ ಅಭ್ಯಾಸಕ್ಕೆ ಇಳಿದವರು ಸಾಮಾನ್ಯವಾಗಿ ವಾರದೊಳಗೆ ಬೇಸತ್ತು ಬಿಟ್ಟುಬಿಡುತ್ತಾರೆ. ಆದ್ದರಿಂದ ಮೊದಲು ಗಮನದ ಕೆಲಸ ಹೇಗೆ ನಡೆಯುತ್ತದೆ ಎಂದು ನೋಡಿ, ಆಮೇಲೆ ಅಭ್ಯಾಸಕ್ಕೆ ಬರೋಣ.

## ಕಣ್ಣೆದುರಿಗಿದ್ದರೂ ಕಾಣದೆ ಹೋಗುವುದು

ಈ ಸಾಲು ಓದುತ್ತಿರುವಾಗಲೂ ಬೆನ್ನಿಗೆ ತಾಗಿದ ಕುರ್ಚಿ, ಹೊರಗಿನ ಸದ್ದು, ಪಾದಕ್ಕೆ ಒತ್ತುತ್ತಿರುವ ನೆಲ ಎಲ್ಲದರ ಸುದ್ದಿಯೂ ಮೆದುಳಿಗೆ ಹೋಗುತ್ತಲೇ ಇದೆ. ಆದರೆ ಹೆಸರು ಹೇಳಿದ ಮೇಲಷ್ಟೇ ಅವು ನಿಮ್ಮ ಅರಿವಿಗೆ ಬಂದವು. ಬಂದ ಸುದ್ದಿಯಲ್ಲಿ ಸ್ವಲ್ಪವನ್ನು ಆರಿಸಿಕೊಂಡು ಅದರ ಮೇಲೆ ಹೆಚ್ಚು ಕೆಲಸ ಮಾಡುವುದು, ಮಿಕ್ಕದ್ದನ್ನು ತಗ್ಗಿಸಿಡುವುದು: ಗಮನದ ಮೂಲ ಕೆಲಸ ಇಷ್ಟೇ.

1953ರಲ್ಲಿ ಬ್ರಿಟಿಷ್ ವಿಜ್ಞಾನಿ ಕಾಲಿನ್ ಚೆರ್ರಿ ಒಂದು ಸರಳ ಪ್ರಯೋಗ ಮಾಡಿದರು. ಹೆಡ್‌ಫೋನಿನಲ್ಲಿ ಒಂದೊಂದು ಕಿವಿಗೆ ಒಂದೊಂದು ಮಾತು ಕೇಳಿಸಿ, ಒಂದು ಕಿವಿಯದ್ದನ್ನು ಮಾತ್ರ ಜೊತೆಜೊತೆಗೇ ಜೋರಾಗಿ ಹೇಳುತ್ತಾ ಹೋಗಿ ಎಂದರು. ಕೊನೆಗೆ ಇನ್ನೊಂದು ಕಿವಿಯಲ್ಲಿ ಏನಿತ್ತು ಎಂದು ಕೇಳಿದರೆ, ಅದು ಯಾವ ಭಾಷೆ ಎಂದು ಹೇಳಲೂ ಜನರಿಗೆ ಆಗಲಿಲ್ಲ. ಗಂಡು ದನಿ ಹೆಣ್ಣು ದನಿಗೆ ಬದಲಾದಂಥ ಸದ್ದಿನ ವ್ಯತ್ಯಾಸಗಳು ಮಾತ್ರ ತಿಳಿದಿದ್ದವು. ಅಂದರೆ ಗಮನ ಕೊಡದ ಕಡೆ ಸದ್ದು ದಾಖಲಾಗುತ್ತದೆ, ಅರ್ಥ ಒಳಗಿಳಿಯುವುದಿಲ್ಲ. ಇದಕ್ಕೊಂದು ಅಪವಾದ 1959ರಲ್ಲಿ ನೆವಿಲ್ ಮೋರೆ ನಡೆಸಿದ ಪ್ರಯೋಗದಲ್ಲಿ ಸಿಕ್ಕಿತು. ಕೇಳಿಸಿಕೊಳ್ಳದ ಕಿವಿಯಲ್ಲಿ ಸ್ವಂತ ಹೆಸರು ಬಂದಾಗ ಸುಮಾರು ಮೂರರಲ್ಲಿ ಒಬ್ಬರಿಗೆ ಅದು ಕೇಳಿಸಿತು. ನಮಗೆ ಮುಖ್ಯವೆನಿಸಿದ್ದಕ್ಕೆ ಬಾಗಿಲು ಪೂರ್ತಿ ಮುಚ್ಚಿರುವುದಿಲ್ಲ. ಫೋನಿನ ಸದ್ದು ಅಷ್ಟು ಸುಲಭವಾಗಿ ಸೆಳೆಯುವುದಕ್ಕೆ ಇದೂ ಒಂದು ಕಾರಣ: ಅದರೊಳಗೆ ನಮ್ಮ ಹೆಸರಿಗೆ ಬಂದ ಏನೋ ಇರಬಹುದು ಎಂದು ಮೆದುಳು ಕಲಿತುಬಿಟ್ಟಿದೆ.

ಕಣ್ಣಿನ ವಿಷಯವೂ ಹೀಗೆಯೇ. 1999ರಲ್ಲಿ ಡೇನಿಯಲ್ ಸೈಮನ್ಸ್ ಮತ್ತು ಕ್ರಿಸ್ಟೋಫರ್ ಶಾಬ್ರಿಸ್ ಪ್ರಕಟಿಸಿದ ಪ್ರಯೋಗದಲ್ಲಿ, ವಿಡಿಯೊ ನೋಡುತ್ತಾ ಚೆಂಡು ಎಷ್ಟು ಸಲ ಕೈ ಬದಲಾಯಿತು ಎಂದು ಎಣಿಸುತ್ತಿದ್ದವರಲ್ಲಿ ಸುಮಾರು ಅರ್ಧದಷ್ಟು ಮಂದಿ, ನಡುವೆ ಗೊರಿಲ್ಲಾ ವೇಷದ ವ್ಯಕ್ತಿ ಬಂದು ಹೋದದ್ದನ್ನೇ ಗಮನಿಸಲಿಲ್ಲ. ಅವರ ಗಮನ ಕಡಿಮೆಯಾಗಿತ್ತು ಎನ್ನುವ ಹಾಗಿಲ್ಲ. ಎಣಿಕೆಯ ಮೇಲೆ ಚೆನ್ನಾಗಿ ನೆಟ್ಟಿದ್ದಕ್ಕೇ ಬೇರೆಯದು ತಪ್ಪಿಹೋಯಿತು. ಒಂದು ಕಡೆ ಗಮನ ಕೊಡುವುದೆಂದರೆ ಇನ್ನೊಂದು ಕಡೆಯಿಂದ ತೆಗೆಯುವುದು. ಈ ಲೆಕ್ಕವನ್ನು ಯಾವ ಅಭ್ಯಾಸವೂ ಬದಲಿಸದು.

## ಒಂದೇ ಹೆಸರಿನ ಹಿಂದೆ ಮೂರು ಕೆಲಸ

1990ರಲ್ಲಿ ಮೈಕೆಲ್ ಪೋಸ್ನರ್ ಮತ್ತು ಸ್ಟೀವನ್ ಪೀಟರ್ಸನ್ ಗಮನವನ್ನು ಮೂರು ಜಾಲಗಳಾಗಿ ವಿಂಗಡಿಸಿದರು. ತಮ್ಮ ತೊಂದರೆ ಯಾವುದೆಂದು ತಿಳಿಯಬೇಕಾದವರಿಗೆ ಇಂದಿಗೂ ಬಹಳ ಉಪಯೋಗಕ್ಕೆ ಬರುವ ವಿಂಗಡಣೆ ಇದು.

ಮೊದಲನೆಯದು ಎಚ್ಚರ. ಏನಾದರೂ ಬಂದರೆ ಹಿಡಿಯಲು ಮೆದುಳು ಎಷ್ಟು ಸಿದ್ಧವಾಗಿದೆ ಎಂಬುದು. ಮಿದುಳುಕಾಂಡದ ಒಂದು ಸಣ್ಣ ಭಾಗದಿಂದ ಹೊರಡುವ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ಇದನ್ನು ಏರಿಳಿಸುತ್ತದೆ. ಎರಡನೇ ಮಹಾಯುದ್ಧದಲ್ಲಿ ರಾಡಾರ್ ಪರದೆ ಕಾಯುವವರ ಕಣ್ತಪ್ಪು ದೊಡ್ಡ ಚಿಂತೆಯಾಗಿತ್ತು. ಇದಕ್ಕಾಗಿ ನಾರ್ಮನ್ ಮ್ಯಾಕ್‌ವರ್ತ್ ಒಂದು ಗಡಿಯಾರ ಪರೀಕ್ಷೆ ರೂಪಿಸಿ 1948ರಲ್ಲಿ ಫಲಿತಾಂಶ ಪ್ರಕಟಿಸಿದರು. ಸೆಕೆಂಡಿಗೊಮ್ಮೆ ಜಿಗಿಯುವ ಮುಳ್ಳು ಆಗೊಮ್ಮೆ ಈಗೊಮ್ಮೆ ಎರಡು ಹೆಜ್ಜೆ ಜಿಗಿದರೆ ಗುರುತಿಸಬೇಕು, ಹೀಗೇ ಎರಡು ಗಂಟೆ. ಮೊದಲ ಅರ್ಧ ಗಂಟೆ ಕಳೆಯುವಷ್ಟರಲ್ಲೇ ತಪ್ಪು ಹೆಚ್ಚಿತು. ಸಪ್ಪೆ ಕೆಲಸದಲ್ಲಿ ಎಚ್ಚರ ಇಳಿಯುವುದು ಸೋಮಾರಿತನದ ಗುರುತಲ್ಲ.

ಎರಡನೆಯದು ತಿರುಗುವಿಕೆ: ಗಮನವನ್ನು ಒಂದು ಜಾಗದಿಂದ ಬಿಡಿಸಿ ಇನ್ನೊಂದಕ್ಕೆ ಒಯ್ದು ನೆಡುವುದು. ಇದು ನಾವು ಬಯಸಿದಾಗಲೂ ನಡೆಯುತ್ತದೆ, ಸದ್ದು ಅಥವಾ ಮಿನುಗು ಸೆಳೆದಾಗಲೂ ನಡೆಯುತ್ತದೆ.

ಮೂರನೆಯದು ಹತೋಟಿ. ಎರಡು ವಿಷಯ ಒಟ್ಟಿಗೆ ಪೈಪೋಟಿಗೆ ಬಿದ್ದಾಗ ಬೇಕಾದದ್ದನ್ನು ಹಿಡಿದು ಬೇಡದ್ದನ್ನು ತಡೆಯುವುದು. ಹಸಿರು ಶಾಯಿಯಲ್ಲಿ ‘ಕೆಂಪು’ ಎಂದು ಬರೆದು, ಶಾಯಿಯ ಬಣ್ಣ ಯಾವುದು ಎಂದು ಥಟ್ಟನೆ ಹೇಳಲು ಯತ್ನಿಸಿ. ನಾಲಿಗೆ ಅರೆಕ್ಷಣ ತಡವರಿಸುತ್ತದೆ. ಓದುವುದು ನಮಗೆ ತಾನಾಗಿಯೇ ಆಗುವ ಕೆಲಸವಾಗಿರುವುದರಿಂದ ಅದನ್ನು ತಡೆಯಲು ಹೆಚ್ಚು ಸಮಯ ಬೇಕು. 1935ರಲ್ಲಿ ಜಾನ್ ರಿಡ್ಲಿ ಸ್ಟ್ರೂಪ್ ವಿವರಿಸಿದ ಈ ಪರೀಕ್ಷೆಯನ್ನು ಹತೋಟಿ ಅಳೆಯಲು ಇಂದಿಗೂ ಬಳಸುತ್ತಾರೆ.

ಮಧ್ಯಾಹ್ನ ಊಟದ ನಂತರ ಅಕ್ಷರಗಳು ಮಸುಕಾಗುತ್ತವೆ ಎಂದರೆ ತೊಂದರೆ ಎಚ್ಚರದಲ್ಲಿದೆ. ಸಣ್ಣ ಸದ್ದಿಗೂ ಗಮನ ಅತ್ತ ಹೊರಳುತ್ತದೆ ಎಂದರೆ ತಿರುಗುವಿಕೆಯಲ್ಲಿ. ಎಚ್ಚರವಾಗಿಯೇ ಇದ್ದೀರಿ, ಸುತ್ತ ಸದ್ದೂ ಇಲ್ಲ, ಆದರೂ ಕೈ ತಾನಾಗಿ ಫೋನಿನತ್ತ ಹೋಗುತ್ತದೆ ಎಂದರೆ ಹತೋಟಿಯಲ್ಲಿ.

## ಎರಡು ಕೆಲಸ ಒಟ್ಟಿಗೆ ಮಾಡಿದಂತೆ ಅನಿಸುವುದು

ಮಾಡುತ್ತಿರುವ ಕೆಲಸಕ್ಕೆ ಬೇಕಾದ ಸಂಗತಿಗಳನ್ನು ಮೆದುಳು ಆ ಹೊತ್ತಿಗೆ ಮಾತ್ರ ಹಿಡಿದಿಟ್ಟುಕೊಳ್ಳುತ್ತದೆ. ಇದಕ್ಕೆ ವರ್ಕಿಂಗ್ ಮೆಮೊರಿ ಎನ್ನುತ್ತಾರೆ. ಇದನ್ನೊಂದು ಸಣ್ಣ ಮೇಜು ಎಂದುಕೊಳ್ಳಿ: ಅದರ ಮೇಲೆ ಒಂದು ಹೊತ್ತಿಗೆ ಮೂರು ನಾಲ್ಕು ಹಾಳೆ ಮಾತ್ರ ಹರಡಬಹುದು. ಇನ್ನೊಂದು ಕೆಲಸಕ್ಕೆ ಹೊರಳಿದರೆ ಇದ್ದ ಹಾಳೆ ಎತ್ತಿಟ್ಟು ಹೊಸದು ಹರಡಬೇಕು, ಮರಳಿ ಬಂದರೆ ಮತ್ತೆ ಅದೇ ಕೆಲಸ.

ಈ ಎತ್ತಿಡುವಿಕೆಗೆ ತಗಲುವ ಸಮಯವನ್ನು 1995ರಲ್ಲಿ ರಾಬರ್ಟ್ ರೋಜರ್ಸ್ ಮತ್ತು ಸ್ಟೀಫನ್ ಮಾನ್ಸೆಲ್ ಅಳೆದರು. ಕೆಲಸ ಬದಲಾಗಲಿದೆ ಎಂದು ಮೊದಲೇ ಗೊತ್ತಿದ್ದು, ಸಿದ್ಧವಾಗಲು ಬಿಡುವು ಕೊಟ್ಟರೂ ಹೊರಳುವಾಗಿನ ನಿಧಾನ ಪೂರ್ತಿ ಹೋಗಲಿಲ್ಲ. 2009ರಲ್ಲಿ ಸೋಫಿ ಲೆರಾಯ್ ಇನ್ನೊಂದು ಸಂಗತಿ ತೋರಿಸಿದರು: ಅರ್ಧಕ್ಕೆ ಬಿಟ್ಟ ಕೆಲಸದ ಯೋಚನೆ ಮುಂದಿನ ಕೆಲಸದೊಳಗೂ ಅಂಟಿಕೊಂಡು ಬರುತ್ತದೆ. ಬರೆಯುವ ನಡುವೆ ಒಂದು ಸಂದೇಶ ನೋಡುವುದಕ್ಕೆ ಹತ್ತೇ ಸೆಕೆಂಡು ಹಿಡಿದರೂ, ಆ ಹತ್ತು ಸೆಕೆಂಡಿಗೆ ಅದು ಮುಗಿಯದಿರುವುದು ಇದಕ್ಕಾಗಿ.

ಒಂದು ಕೆಲಸ ಪೂರ್ತಿ ಅಭ್ಯಾಸವಾಗಿ ಹೋಗಿದ್ದರೆ, ಉದಾಹರಣೆಗೆ ನಡೆಯುತ್ತಾ ಮಾತಾಡುವುದು, ಎರಡೂ ನಿಜಕ್ಕೂ ಒಟ್ಟಿಗೆ ನಡೆಯುತ್ತವೆ. ಎರಡಕ್ಕೂ ಯೋಚನೆ ಬೇಕಾದರೆ ಸಾಧ್ಯವಿಲ್ಲ. ವಾಹನ ಓಡಿಸುತ್ತಾ ಫೋನಿನಲ್ಲಿ ಮಾತಾಡುವಾಗ ಕೈ ಖಾಲಿಯಿದ್ದರೂ ಅಪಾಯ ತಗ್ಗುವುದಿಲ್ಲ ಎಂದು 2001ರಿಂದ ಡೇವಿಡ್ ಸ್ಟ್ರೇಯರ್ ನಡೆಸಿದ ಸಿಮ್ಯುಲೇಟರ್ (ವಾಹನ ಓಡಿಸಿದಂತೆಯೇ ಅನುಭವ ಕೊಡುವ ಯಂತ್ರ) ಅಧ್ಯಯನಗಳು ಹೇಳುತ್ತಿವೆ. ಅಲ್ಲಿ ಬಿಡುವಿಲ್ಲದ್ದು ಕೈಗಲ್ಲ, ತಲೆಗೆ.

## ಮನಸ್ಸು ಅಲೆದಾಗ ನಡೆಯುವುದೇನು

2010ರಲ್ಲಿ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ 2,250 ವಯಸ್ಕರನ್ನು ದಿನದ ಬೇರೆ ಬೇರೆ ಹೊತ್ತಿನಲ್ಲಿ ಫೋನ್ ಮೂಲಕ ಕೇಳಿದಾಗ, ಸುಮಾರು 47 ಶೇಕಡಾ ಸಲ ಅವರ ಮನಸ್ಸು ಮಾಡುತ್ತಿದ್ದ ಕೆಲಸದಲ್ಲಿ ಇರಲೇ ಇಲ್ಲ. ಹೊರಗಿನ ಕೆಲಸವಿಲ್ಲದಾಗ ಚುರುಕಾಗುವ ಮೆದುಳಿನ ಭಾಗಗಳ ಒಂದು ಗುಂಪೇ ಇದೆ. ಹಿಂದಿನದನ್ನು ನೆನೆಯುವುದು, ಮುಂದಿನದನ್ನು ಕಲ್ಪಿಸುವುದು ಅದರ ಕೆಲಸ, ಮತ್ತು ಅದು ಬೇಕಾದ ಕೆಲಸವೇ. ಮನಸ್ಸು ಅಲೆಯದಂತೆ ಮಾಡಿಬಿಡಬೇಕು ಎಂಬ ಗುರಿ ಇಟ್ಟುಕೊಂಡರೆ ಸೋಲು ಖಚಿತ.

ಹಾಗಾದರೆ ಅಭ್ಯಾಸ ಮಾಡುವುದು ಯಾವುದನ್ನು? 2012ರಲ್ಲಿ ವೆಂಡಿ ಹಸೆನ್‌ಕ್ಯಾಂಪ್ ಮತ್ತು ಸಂಗಡಿಗರು ಧ್ಯಾನ ಮಾಡುತ್ತಿದ್ದವರ ಮೆದುಳನ್ನು ಸ್ಕ್ಯಾನ್ ಮಾಡಿ ನಾಲ್ಕು ಹಂತದ ಒಂದು ಸುತ್ತನ್ನು ಗುರುತಿಸಿದರು. ಗಮನ ನೆಟ್ಟಿರುವುದು, ಅಲೆಯುವುದು, ಅಲೆದದ್ದು ಗೊತ್ತಾಗುವುದು, ಮರಳಿ ತರುವುದು. ಪ್ರತಿ ಹಂತದಲ್ಲೂ ಮೆದುಳಿನ ಬೇರೆ ಬೇರೆ ಭಾಗ ಚುರುಕಾಗಿತ್ತು. ಗಮನದ ಅಭ್ಯಾಸದ ತಿರುಳು ಮೂರನೇ ಹಂತದಲ್ಲಿದೆ. ಅಲೆದು ಐದು ನಿಮಿಷದ ಮೇಲೆ ಗೊತ್ತಾಗುವುದಕ್ಕೂ ಐದು ಸೆಕೆಂಡಿಗೆ ಗೊತ್ತಾಗುವುದಕ್ಕೂ ಒಂದು ಗಂಟೆಯ ಓದಿನಲ್ಲಿ ಅಪಾರ ವ್ಯತ್ಯಾಸ ಬೀಳುತ್ತದೆ. ಹೀಗಾಗಿ ಮುಂದಿನ ಅಭ್ಯಾಸಗಳಲ್ಲಿ ‘ಎಷ್ಟು ಸಲ ಜಾರಿತು’ ಎಂಬುದನ್ನು ಸೋಲಿನ ಲೆಕ್ಕವಾಗಿ ನೋಡಬಾರದು. ಗಮನ ಜಾರಿದ್ದನ್ನು ಹಿಡಿದ ಪ್ರತಿ ಸಲವೂ ಒಂದು ಪಟ್ಟು ಅಭ್ಯಾಸವಾಯಿತು ಎಂದೇ ಅರ್ಥ.

## ಉಸಿರಿನ ಎಣಿಕೆ

ಬೆನ್ನು ನೇರವಾಗಿಟ್ಟು ಕುಳಿತುಕೊಳ್ಳಿ. ಒರಗಿ ಕುಳಿತರೆ ನಿದ್ದೆ ಹತ್ತುತ್ತದೆ. ಟೈಮರನ್ನು 5 ನಿಮಿಷಕ್ಕಿಟ್ಟು ಫೋನನ್ನು ಕೈಗೆಟುಕದ ಕಡೆ ಇಡಿ. ಉಸಿರು ಹೊರಹೋದಾಗ ಮನಸ್ಸಿನಲ್ಲೇ ‘ಒಂದು’, ಮುಂದಿನದಕ್ಕೆ ‘ಎರಡು’, ಹೀಗೆ ಒಂಬತ್ತರವರೆಗೆ ಎಣಿಸಿ ಮತ್ತೆ ಒಂದರಿಂದ ತೊಡಗಿ. ಎಂಟರವರೆಗೆ ಪ್ರತಿ ಉಸಿರಿಗೂ ಹೆಬ್ಬೆರಳನ್ನು ತೋರುಬೆರಳಿಗೆ ಮುಟ್ಟಿಸಿ. ಒಂಬತ್ತನೆಯದಕ್ಕೆ ಮಾತ್ರ ಕಿರುಬೆರಳಿಗೆ ಮುಟ್ಟಿಸಿ. ಲೆಕ್ಕ ತಪ್ಪಿದರೆ ಎಲ್ಲಿತ್ತೆಂದು ನೆನಪಿಸಿಕೊಳ್ಳಲು ಹೋಗದೆ ಒಂದಕ್ಕೆ ಮರಳಿ.

ಬೆರಳು ಬದಲಿಸುವುದಕ್ಕೆ ಕಾರಣವಿದೆ. ಎರಡು ಮೂರು ದಿನದಲ್ಲಿ ಎಣಿಕೆ ರೂಢಿಯಾಗಿ, ಬಾಯಿಪಾಠ ಮಗ್ಗಿಯಂತೆ ತಾನೇ ಓಡತೊಡಗುತ್ತದೆ. ಮನಸ್ಸು ನಾಳೆಯ ಕೆಲಸದಲ್ಲಿರುತ್ತದೆ, ಲೆಕ್ಕ ಮಾತ್ರ ಸಾಗುತ್ತಿರುತ್ತದೆ. ಒಂಬತ್ತಕ್ಕೆ ಬೇರೆ ಬೆರಳು ಮುಟ್ಟಬೇಕೆಂದರೆ ಆ ಮೋಸ ನಡೆಯುವುದಿಲ್ಲ. ಹನ್ನೊಂದು ಎಂದು ಎಣಿಸುತ್ತಾ ತೋರುಬೆರಳನ್ನೇ ಮುಟ್ಟುತ್ತಿದ್ದರೆ ತಕ್ಷಣ ಸಿಕ್ಕಿಬೀಳುತ್ತೀರಿ. 2014ರಲ್ಲಿ ಉಸಿರಿನ ಎಣಿಕೆಯನ್ನು ಗಮನದ ಅಳತೆಗೋಲಾಗಿ ಪರೀಕ್ಷಿಸಿದ ಸಂಶೋಧಕರೂ ಒಂದರಿಂದ ಎಂಟಕ್ಕೆ ಒಂದು ಗುಂಡಿ, ಒಂಬತ್ತಕ್ಕೆ ಇನ್ನೊಂದು ಗುಂಡಿ ಎಂಬ ಈ ಉಪಾಯವನ್ನೇ ಬಳಸಿದ್ದರು.

ಸಾಮಾನ್ಯವಾಗಿ ಆಗುವ ಇನ್ನೊಂದು ತಪ್ಪು, ಎಣಿಸುವ ಭರದಲ್ಲಿ ಉಸಿರನ್ನೇ ಎಳೆದು ಬಿಡತೊಡಗುವುದು. ಹೀಗಾದರೆ ಎದೆ ಬಿಗಿದಂತಾಗುತ್ತದೆ, ಕೆಲವರಿಗೆ ತಲೆ ಹಗುರಾಗುತ್ತದೆ. ಉಸಿರು ತನ್ನ ಪಾಡಿಗೆ ಬಂದ ಮೇಲೆ ಎಣಿಸಬೇಕು, ಎಣಿಕೆಗೆಂದು ಉಸಿರಾಡಬಾರದು. ತೂಕಡಿಕೆ ಬಂದರೆ ಕಣ್ಣು ಅರೆತೆರೆದು ನೆಲ ನೋಡಿ. ಅದೂ ಸಾಲದಿದ್ದರೆ ಆ ದಿನದ ಅಭ್ಯಾಸ ಬಿಟ್ಟು ಮಲಗುವುದೇ ಮೇಲು. ಒಂದು ವಾರದ ನಂತರ 10 ನಿಮಿಷಕ್ಕೆ ಏರಿಸಿ. ವಾರಕ್ಕೊಮ್ಮೆ ಒಂದು ಗಂಟೆ ಕೂರುವುದಕ್ಕಿಂತ ದಿನಾ 10 ನಿಮಿಷ ಹೆಚ್ಚು ಫಲ ಕೊಡುತ್ತದೆ. ಎರಡು ವಾರ ಈ ಬಗೆಯ ತರಬೇತಿ ಪಡೆದ ಕಾಲೇಜು ವಿದ್ಯಾರ್ಥಿಗಳ ಓದಿ ಗ್ರಹಿಸುವ ಅಂಕ ಏರಿದ್ದನ್ನು, ಪರೀಕ್ಷೆಯ ನಡುವೆ ಮನಸ್ಸು ಅಲೆಯುವುದು ತಗ್ಗಿದ್ದನ್ನು 2013ರ ಒಂದು ಅಧ್ಯಯನ ಕಂಡುಕೊಂಡಿತು.

ತೀವ್ರ ಆತಂಕ ಇರುವವರಿಗೆ, ಕಹಿ ಘಟನೆಯೊಂದರ ನೆನಪು ಕಾಡುತ್ತಿರುವವರಿಗೆ ಕಣ್ಣು ಮುಚ್ಚಿ ಉಸಿರಿನ ಮೇಲೆ ಮನಸ್ಸಿಡುವುದು ಕೆಲವೊಮ್ಮೆ ದಿಗಿಲು ಹೆಚ್ಚಿಸುತ್ತದೆ. ಅಂಥವರು ಇದನ್ನು ಬಿಟ್ಟು ಮುಂದಿನದರಿಂದ ಶುರು ಮಾಡಲಿ.

## ಗೆರೆ ಹಾಕುತ್ತಾ ಓದುವುದು

ಪುಸ್ತಕ, ಒಂದು ಖಾಲಿ ಹಾಳೆ, ಪೆನ್ಸಿಲ್ ಇಷ್ಟು ಸಾಕು. ಹಾಳೆಯನ್ನು ಎರಡು ಭಾಗ ಮಾಡಿ. ಓದುವಾಗ ಗಮನ ಹೊರಗೆ ಹೋದದ್ದು ತಿಳಿದ ಕೂಡಲೇ ಎಡಗಡೆ ಒಂದು ಗೆರೆ ಎಳೆದು, ಕೊನೆಯದಾಗಿ ಅರ್ಥವಾದ ಸಾಲಿಗೆ ಮರಳಿ. ಏಕೆ ಹೋಯಿತು, ಎಷ್ಟು ಹೊತ್ತು ಹೋಯಿತು ಎಂದು ವಿಚಾರಣೆ ಮಾಡಬೇಡಿ. ಆ ವಿಚಾರಣೆಯೇ ಇನ್ನೊಂದು ಅಲೆದಾಟವಾಗುತ್ತದೆ. ನಡುವೆ ‘ಕರೆಂಟ್ ಬಿಲ್ ಕಟ್ಟಬೇಕು’ ಎಂಬಂಥದ್ದು ನೆನಪಾದರೆ ಬಲಗಡೆ ಎರಡು ಮಾತಿನಲ್ಲಿ ಬರೆದು, ಯಾವಾಗ ಮಾಡುವುದು ಎಂದೂ ಸೇರಿಸಿ: ‘ಬಿಲ್, ಸಂಜೆ 6ಕ್ಕೆ’. ಈ ‘ಯಾವಾಗ’ ಮುಖ್ಯ. ಬಾಕಿ ಉಳಿದ ಕೆಲಸ ಪದೇಪದೇ ನೆನಪಿಗೆ ಬಂದು ಕಾಡುತ್ತದೆ. ಅದನ್ನು ಮಾಡಿ ಮುಗಿಸದಿದ್ದರೂ ಖಚಿತವಾದ ಯೋಜನೆಯೊಂದನ್ನು ಮಾಡಿಟ್ಟರೆ ಆ ಕಾಟ ಇಳಿಯುತ್ತದೆ ಎಂದು 2011ರಲ್ಲಿ ಮಸಿಕ್ಯಾಂಪೊ ಮತ್ತು ಬೌಮೈಸ್ಟರ್ ತೋರಿಸಿದ್ದಾರೆ.

ಪ್ರತಿ ಪ್ಯಾರಾ ಮುಗಿದಾಗ ಪುಸ್ತಕದಿಂದ ಕಣ್ಣು ತೆಗೆದು ಅದರ ಸಾರವನ್ನು ಒಂದೇ ವಾಕ್ಯದಲ್ಲಿ ಹೇಳಿಕೊಳ್ಳಿ. ಹೇಳಲಾಗದಿದ್ದರೆ ಮತ್ತೆ ಓದಿ. ಮೊದಲ ದಿನಗಳಲ್ಲಿ ಓದು ಕುಂಟುತ್ತದೆ, ಬೇಸರವೂ ಬರುತ್ತದೆ. ಇದೇ ಅಭ್ಯಾಸದ ಸಾರ, ಏಕೆಂದರೆ ಗಮನ ಇಲ್ಲದೆಯೂ ಕಣ್ಣು ಸಾಗುತ್ತಿದ್ದ ದಾರಿಗೆ ಈಗ ಪ್ರತಿ ಪ್ಯಾರಾಕ್ಕೂ ಒಂದು ತಡೆ ಬಿದ್ದಿದೆ. ದಿನಕ್ಕೆ 20 ನಿಮಿಷ ಸಾಕು. ಮೊದಲ ವಾರ ಎಡಗಡೆಯ ಗೆರೆಗಳ ಸಂಖ್ಯೆ ಏರುವುದು ಸಹಜ, ಮತ್ತು ಒಳ್ಳೆಯದು. ಅಲೆದಾಟ ಹೆಚ್ಚಿತು ಎಂದಲ್ಲ, ಹಿಡಿಯುವುದು ಬೇಗವಾಯಿತು.

## ಕೆಲಸದ ಹೊತ್ತನ್ನು ಕಟ್ಟಿಕೊಳ್ಳುವುದು

25 ನಿಮಿಷ ಕೆಲಸ, 5 ನಿಮಿಷ ಬಿಡುವು ಎಂಬ ಪೊಮೊಡೊರೊ ಕ್ರಮ ಹಲವರಿಗೆ ಗೊತ್ತು. ಇದನ್ನು 1980ರ ದಶಕದ ಕೊನೆಯಲ್ಲಿ ಇಟಲಿಯ ಫ್ರಾನ್ಸೆಸ್ಕೊ ಸಿರಿಲ್ಲೊ ರೂಪಿಸಿದರು. 25 ಎಂಬ ಸಂಖ್ಯೆಯಲ್ಲಿ ವಿಶೇಷವೇನಿಲ್ಲ. ನಿಮ್ಮ ಅವಧಿಯನ್ನು ನೀವೇ ಕಂಡುಕೊಳ್ಳಿ: ಮೂರು ದಿನ, ಕೆಲಸ ಶುರು ಮಾಡಿದ ಹೊತ್ತನ್ನೂ ಮೊದಲ ಸಲ ಎದ್ದುಹೋಗಬೇಕು ಅಥವಾ ಫೋನ್ ನೋಡಬೇಕು ಅನಿಸಿದ ಹೊತ್ತನ್ನೂ ಬರೆದಿಡಿ. ಅದು 12 ನಿಮಿಷವಾದರೆ 15ರಿಂದ ಶುರು ಮಾಡಿ, ವಾರಕ್ಕೆ 5 ನಿಮಿಷದಂತೆ ಏರಿಸುತ್ತಾ ಹೋಗಿ. 50 ದಾಟಬೇಕೆಂಬ ಹಟ ಬೇಡ.

ಬಿಡುವಿನಲ್ಲಿ ಫೋನ್ ಹಿಡಿದರೆ ಅದು ಬಿಡುವಲ್ಲ. ಮೇಜಿನ ಮೇಲೆ ಹೊಸ ಹಾಳೆ ಹರಡಿದ ಹಾಗಾಗುತ್ತದೆ. ಎದ್ದು ನಡೆಯಿರಿ, ನೀರು ಕುಡಿಯಿರಿ, ದೂರದ್ದನ್ನು ನೋಡಿ. ಮರಗಿಡಗಳ ನಡುವೆ ಸುಮಾರು 50 ನಿಮಿಷ ನಡೆದು ಬಂದವರು, ವಾಹನಗಳ ಬೀದಿಯಲ್ಲಿ ನಡೆದವರಿಗಿಂತ ಅಂಕಿಗಳನ್ನು ಹಿಂದುಮುಂದಾಗಿ ಹೇಳುವ ಪರೀಕ್ಷೆಯಲ್ಲಿ ಉತ್ತಮವಾಗಿ ಮಾಡಿದರು ಎಂದು 2008ರ ಅಧ್ಯಯನವೊಂದು ಹೇಳುತ್ತದೆ.

ಕೆಲಸವನ್ನು ನಡುವೆ ನಿಲ್ಲಿಸಲೇಬೇಕಾದರೆ ಏಳುವ ಮುನ್ನ ಒಂದು ಸಾಲು ಬರೆಯಿರಿ: ಎಲ್ಲಿಗೆ ಬಂದಿದೆ, ಮರಳಿ ಬಂದಾಗ ಮೊದಲು ಮಾಡುವುದೇನು. ಯಾರೋ ಕರೆದಾಗಲೂ ‘ಒಂದು ನಿಮಿಷ’ ಎಂದು ಇಷ್ಟು ಬರೆದೇ ಏಳಿ. ಹಿಂದಿನ ಕೆಲಸ ಮುಂದಿನದಕ್ಕೆ ಅಂಟಿಕೊಳ್ಳುವುದನ್ನು ಇದು ತಗ್ಗಿಸುತ್ತದೆ.

ಫೋನಿನ ವಿಷಯದಲ್ಲಿ ಮನೋಬಲವನ್ನು ನಂಬಿಕೊಳ್ಳದಿರುವುದೇ ಜಾಣತನ. ನೋಟಿಫಿಕೇಶನ್ ಸದ್ದು ಕೇಳಿದರೆ ಸಾಕು, ಫೋನ್ ಮುಟ್ಟದಿದ್ದರೂ ಮಾಡುತ್ತಿದ್ದ ಕೆಲಸದಲ್ಲಿ ತಪ್ಪು ಹೆಚ್ಚುತ್ತದೆ ಎಂಬುದು 2015ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಕಂಡುಬಂತು. ಕರೆಗಳನ್ನು ಬಿಟ್ಟು ಉಳಿದ ಸದ್ದು ಮತ್ತು ಕಂಪನ ಆಫ್ ಮಾಡಿ, ಫೋನನ್ನು ಬೇರೆ ಕೋಣೆಯಲ್ಲಿಡಿ. ಎದ್ದುಹೋಗಿ ತರಬೇಕಾದ ಆ ಹತ್ತು ಹೆಜ್ಜೆಯಲ್ಲಿ ‘ನಾನೀಗ ಏಕೆ ಹೋಗುತ್ತಿದ್ದೇನೆ’ ಎಂಬ ಪ್ರಶ್ನೆಗೆ ಸಮಯ ಸಿಗುತ್ತದೆ.

## ಅಳೆದು ನೋಡುವ ಬಗೆ, ಆಟದ ಆ್ಯಪ್‌ಗಳ ಮಾತು

ಹಳೆಯ ಪತ್ರಿಕೆಯ ಒಂದು ಲೇಖನ ತೆಗೆದುಕೊಂಡು ‘ತ’ ಅಕ್ಷರ ಬಂದ ಕಡೆಯೆಲ್ಲ ಗೀಟು ಎಳೆಯುತ್ತಾ ಹೋಗಿ: ತಾ, ತಿ, ತು ಮಾತ್ರವಲ್ಲ, ‘ಅತ್ತೆ’, ‘ಭಕ್ತಿ’ ಇಂಥವುಗಳ ತ ಒತ್ತೂ ಸೇರಲಿ. ಸಮಯ 3 ನಿಮಿಷ. ಆಮೇಲೆ ನಿಧಾನವಾಗಿ ಪರಿಶೀಲಿಸಿ ಬಿಟ್ಟುಹೋದವನ್ನು ಎಣಿಸಿ. ಒತ್ತಕ್ಷರಗಳೇ ಹೆಚ್ಚು ತಪ್ಪಿರುತ್ತವೆ, ಅದರಲ್ಲೂ ಕೊನೆಯ ನಿಮಿಷದಲ್ಲಿ. ಪ್ರತಿ ವಾರ ಅದೇ ದಿನ, ಅದೇ ಹೊತ್ತಿಗೆ, ಹೊಸ ಲೇಖನದ ಮೇಲೆ ಮಾಡಿ ಬರೆದಿಟ್ಟರೆ ನಿದ್ದೆಗೆಟ್ಟ ವಾರಗಳು ಅಂಕಿಯಲ್ಲೇ ಕಾಣುತ್ತವೆ. ಕಾಗದವಿಲ್ಲದಾಗ 100ರಿಂದ ಏಳೇಳು ಕಳೆಯುತ್ತಾ ಹೋಗಿ: 93, 86, 79... ತಪ್ಪಿಲ್ಲದೆ ಸಾಗಿದರೆ 2ಕ್ಕೆ ಮುಟ್ಟುತ್ತೀರಿ.

ಇವನ್ನು ಅಳತೆಗೋಲಾಗಿ ಮಾತ್ರ ಬಳಸಿ. ದಿನವೂ ಅಕ್ಷರ ಹೊಡೆಯುತ್ತಾ ಹೋದರೆ ಅಕ್ಷರ ಹೊಡೆಯುವುದರಲ್ಲಿ ಪಳಗುತ್ತೀರಿ, ಅಷ್ಟೇ. ಮೆದುಳಿನ ತರಬೇತಿ ಎಂದು ಮಾರುವ ಆಟಗಳ ವಿಷಯದಲ್ಲೂ ಇದೇ ಕಂಡುಬಂದಿದೆ. 2010ರಲ್ಲಿ ಏಡ್ರಿಯನ್ ಓವನ್ ಮತ್ತು ಸಂಗಡಿಗರು 11,430 ಜನರಿಗೆ ಆರು ವಾರ ಇಂಥ ಆಟಗಳನ್ನು ಆಡಿಸಿದರು. ಆಡಿದ ಆಟಗಳಲ್ಲಿ ಎಲ್ಲರೂ ಮುಂದೆ ಬಂದರು, ಅಭ್ಯಾಸ ಮಾಡದ ಬೇರೆ ಪರೀಕ್ಷೆಗಳಿಗೆ ಆ ಲಾಭ ದಾಟಲಿಲ್ಲ. ಯಾವ ಕೆಲಸದಲ್ಲಿ ಗಮನ ಬೇಕೋ ಅದೇ ಕೆಲಸದ ಮೇಲೆ ಅಭ್ಯಾಸ ನಡೆಸುವುದು ಸುರಕ್ಷಿತ ದಾರಿ. ಓದಲು ಗಮನ ಬೇಕಾದವರು ಓದಿನ ಮೇಲೆಯೇ ಅಭ್ಯಾಸ ಮಾಡಲಿ.

## ಅಭ್ಯಾಸದಿಂದ ಸರಿಹೋಗದ್ದು

ನಿದ್ದೆಯ ಸಾಲವನ್ನು ಯಾವ ಅಭ್ಯಾಸವೂ ತೀರಿಸದು. 2003ರಲ್ಲಿ ಹ್ಯಾನ್ಸ್ ವ್ಯಾನ್ ಡಾಂಗನ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನದಲ್ಲಿ 14 ದಿನ ರಾತ್ರಿಗೆ 6 ಗಂಟೆ ಅಥವಾ ಅದಕ್ಕಿಂತ ಕಡಿಮೆ ಮಲಗಿದವರ ಗಮನ, ಒಂದೆರಡು ರಾತ್ರಿ ಪೂರ್ತಿ ನಿದ್ದೆಗೆಟ್ಟವರ ಮಟ್ಟಕ್ಕೆ ಕುಸಿಯಿತು. ಹೆಚ್ಚು ಕಳವಳದ ಸಂಗತಿ ಎಂದರೆ ಅವರಿಗೆ ಅದು ಅಷ್ಟಾಗಿ ತಿಳಿಯಲೇ ಇಲ್ಲ. ತಪ್ಪು ದಿನದಿನಕ್ಕೆ ಏರುತ್ತಿದ್ದರೂ ಅವರು ಹೇಳಿಕೊಂಡ ತೂಕಡಿಕೆ ಅಷ್ಟು ಏರಲಿಲ್ಲ. ‘ನನಗೆ ಆರು ಗಂಟೆ ಸಾಕು, ರೂಢಿಯಾಗಿದೆ’ ಎನ್ನುವವರು ಇದನ್ನು ನೆನಪಿಡಬೇಕು. ಕಾಫಿ, ಟೀಯ ಕೆಫೀನ್ ಮುಖ್ಯವಾಗಿ ಎಚ್ಚರವನ್ನು ಏರಿಸುತ್ತದೆ. ಕುಡಿದದ್ದರಲ್ಲಿ ಅರ್ಧ ದೇಹದಿಂದ ಹೋಗಲು ಸುಮಾರು 5 ಗಂಟೆ ಬೇಕು, ಹಾಗಾಗಿ ಸಂಜೆಯ ಲೋಟ ರಾತ್ರಿಯ ನಿದ್ದೆಯನ್ನೇ ಕೊರೆಯುತ್ತದೆ.

ಅಭ್ಯಾಸ, ನಿದ್ದೆ ಎರಡೂ ಸರಿಯಿದ್ದು ತೊಂದರೆ ಮುಂದುವರಿದರೆ ವೈದ್ಯರನ್ನು ಕಾಣಬೇಕು. ಖಿನ್ನತೆ, ಆತಂಕ, ಥೈರಾಯ್ಡ್ ತೊಂದರೆ, ರಕ್ತಹೀನತೆ, ಗೊರಕೆಯೊಂದಿಗೆ ಉಸಿರು ನಿಂತು ನಿದ್ದೆ ಒಡೆಯುವುದು, ಕೆಲವು ಅಲರ್ಜಿ ಮಾತ್ರೆಗಳು ಇವೆಲ್ಲ ಗಮನವನ್ನು ಕುಗ್ಗಿಸುತ್ತವೆ. ಮಕ್ಕಳಲ್ಲಾದರೆ ಮೊದಲು ಕಣ್ಣು, ಕಿವಿ ಪರೀಕ್ಷೆ ಆಗಲಿ. ಎಡಿಎಚ್‌ಡಿ (ಗಮನದ ಕೊರತೆ ಮತ್ತು ಅತಿ ಚಟುವಟಿಕೆಯ ತೊಂದರೆ) ಎಂದು ನಿರ್ಧರಿಸುವುದು ಒಂದು ಆನ್‌ಲೈನ್ ಪ್ರಶ್ನಾವಳಿಯಿಂದ ಆಗುವ ಕೆಲಸವಲ್ಲ. ಲಕ್ಷಣಗಳು ಕನಿಷ್ಠ 6 ತಿಂಗಳಿಂದ ಇರಬೇಕು, ಅವುಗಳಲ್ಲಿ ಹಲವು 12ನೇ ವಯಸ್ಸಿಗೆ ಮುಂಚೆಯೇ ಕಾಣಿಸಿಕೊಂಡಿರಬೇಕು, ಮನೆ ಮತ್ತು ಶಾಲೆ ಅಥವಾ ಕೆಲಸದ ಜಾಗ ಹೀಗೆ ಎರಡು ಕಡೆಯಾದರೂ ತೊಂದರೆ ಕೊಡುತ್ತಿರಬೇಕು. ವೈದ್ಯರ ಬಳಿ ಹೋಗುವಾಗ ಎರಡು ವಾರದ ನಿದ್ದೆಯ ಹೊತ್ತು, ತೆಗೆದುಕೊಳ್ಳುತ್ತಿರುವ ಔಷಧಿಗಳ ಹೆಸರು, ಗಮನ ತಪ್ಪಿದ್ದರಿಂದ ಆದ ನಾಲ್ಕೈದು ನಿಜವಾದ ಘಟನೆಗಳು, ಸಾಧ್ಯವಾದರೆ ಬಾಲ್ಯದ ಶಾಲಾ ಪ್ರಗತಿಪತ್ರ, ಇವಿಷ್ಟನ್ನು ಜೊತೆಗೆ ಒಯ್ಯಿರಿ.